ನೀರು ಸಮವಾಗುವವರೆಗೆ

2024ರ ಜೂನ್ ತಿಂಗಳಲ್ಲಿ ನಾನು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೊಮ್ಮಗಳನ್ನು ಕಾಣುವ ಆಸೆ ಒಂದು ಕಾರಣವಾದರೆ, ಊರಿನ ಮೂರು ಎಕರೆ ಗದ್ದೆಯ ವಿಚಾರ ಇನ್ನೊಂದು. ಅದನ್ನು ಮಾರಿಬಿಡೋಣವೆಂದು ಅವನು ಫೋನಿನಲ್ಲಿ ಹೇಳಿದ್ದ. ನಾನು ಬದುಕಿರುವವರೆಗೆ ಆ ಮಾತೆತ್ತಬೇಡವೆಂದು ನಾನು ಗದರಿದ್ದೆ. ಅಲ್ಲಿಂದ ಎಂಟು ತಿಂಗಳು ನಮ್ಮಿಬ್ಬರ ಸಂಭಾಷಣೆ ಹವಾಮಾನ, ನನ್ನ ಮಾತ್ರೆ, ಮಗುವಿನ ಹಲ್ಲು ಇಷ್ಟಕ್ಕೇ ನಿಂತಿತ್ತು. ಒಂದೇ ಸೂರಿನಡಿ ಎರಡು ವಾರ ಕಳೆದರೂ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ನೀರಾವರಿ ಇಲಾಖೆಯಲ್ಲಿ 31 ವರ್ಷ ನಾಲೆ, ತೂಬುಗಳ ನಡುವೆ ಸವೆದವನು ನಾನು. ಅದನ್ನು ನೆನೆದೋ ಏನೋ, ಒಂದು ಶನಿವಾರ ಮಗ, “ಅಪ್ಪ, ನಿಮಗೊಂದು ಕಾಲುವೆ ತೋರಿಸುತ್ತೇನೆ ಬನ್ನಿ” ಎಂದು ಬಿಂಗ್ಲಿ ಎಂಬ ಸಣ್ಣ ಪಟ್ಟಣಕ್ಕೆ ಕರೆದೊಯ್ದ.

ನಮ್ಮ ನಾಲೆ ಗದ್ದೆಗೆ ನೀರು ಒಯ್ಯುತ್ತದೆ, ಆದ್ದರಿಂದ ಅದಕ್ಕೆ ಇಳಿಜಾರು ಬೇಕು. ಲೀಡ್ಸಿನಿಂದ ಲಿವರ್‌ಪೂಲಿಗೆ ಸುಮಾರು 204 ಕಿಲೋಮೀಟರು ಸಾಗುವ ಈ ಕಾಲುವೆಯನ್ನು ತೋಡಿದ್ದು ಕಲ್ಲಿದ್ದಲು, ಸುಣ್ಣದಕಲ್ಲು, ಉಣ್ಣೆಯನ್ನು ದೋಣಿಯಲ್ಲಿ ಸಾಗಿಸಲು. ಅಲ್ಲಿ ನೀರು ಕೆರೆಯಂತೆ ಸಮವಾಗಿ ನಿಂತಿರಬೇಕು. ನೆಲ ಏರಿದ ಕಡೆ ದೋಣಿಯನ್ನು ಎತ್ತಲು ಇರುವುದೇ ಲಾಕ್. ಹೆಸರು ಕೇಳಿ ಬೀಗವೆಂದು ತಿಳಿಯಬಾರದು. ಅದು ಎರಡೂ ತುದಿಗೆ ಮರದ ಕದಗಳಿರುವ ಕಲ್ಲಿನ ತೊಟ್ಟಿ. ಬಿಂಗ್ಲಿಯಲ್ಲಿ ಇಂತಹ ಐದು ತೊಟ್ಟಿಗಳು ಮೆಟ್ಟಿಲಿನಂತೆ ಒಂದಕ್ಕೊಂದು ಅಂಟಿಕೊಂಡಿವೆ. ಕೆಳಗಿನದರ ಮೇಲ್ಗಡೆಯ ಕದವೇ ಮೇಲಿನದರ ಕೆಳಗಡೆಯ ಕದ. ಸುಮಾರು 98 ಮೀಟರು ಉದ್ದದಲ್ಲಿ ದೋಣಿ 18 ಮೀಟರು ಮೇಲೇರುತ್ತದೆ. ಸ್ಥಳೀಯ ಕಲ್ಲುಕುಟಿಗರು ಕಟ್ಟಿದ ಇದು 1774ರ ಮಾರ್ಚ್ 21ರಂದು ತೆರೆದಾಗ ಮೂವತ್ತು ಸಾವಿರ ಜನ ನೆರೆದಿದ್ದರಂತೆ. ಇನ್ನೂರೈವತ್ತು ವರ್ಷಗಳ ಬಳಿಕವೂ ಕೆಲಸ ಮಾಡುತ್ತಿದೆ. ಕಲ್ಲು ಹಳೆಯದು, ಓಕ್ ಮರದ ಕದಗಳನ್ನು ಮಾತ್ರ ಸುಮಾರು 25 ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ನಾವು ಹೋದಾಗ ವಯಸ್ಸಾದ ದಂಪತಿಗಳ ದೋಣಿಯೊಂದು ಕೆಳಗಿನ ತೊಟ್ಟಿಯೊಳಗೆ ಸೇರಿಕೊಂಡಿತ್ತು. ಲಾಕಿನ ಕಾವಲುಗಾರ ಮೇಲಿನ ನಾಲ್ಕೂ ತೊಟ್ಟಿಗಳು ತುಂಬಿವೆಯೇ ಎಂದು ನೋಡಿಕೊಂಡು ಬಂದ. ಹತ್ತುವ ದೋಣಿಗೆ ಇದು ಕಡ್ಡಾಯ. ಇಲ್ಲವಾದರೆ ಕೆಳಗಿಳಿಸಲು ನೀರೇ ಇರುವುದಿಲ್ಲ. ಅವನ ನಡಿಗೆ, ನೋಟ, ಅವಸರವಿಲ್ಲದ ಗತ್ತು ಥೇಟ್ ನಮ್ಮೂರಿನ ನೀರುಗಂಟಿಯದು. ದೋಣಿಯ ಹೆಂಗಸು ಕಬ್ಬಿಣದ ಹಿಡಿಕೆ ತಿರುಗಿಸಿ ತೂಬು ಎತ್ತಿದಳು. ಕದ ತಳ್ಳಲು ನೆರವಾಗುವಿರಾ ಎಂದು ನಮ್ಮನ್ನು ಕೇಳಿದಳು.

ಕದಕ್ಕೆ ಜೋಡಿಸಿದ ಉದ್ದನೆಯ ತೊಲೆಗೆ ನಾನು ಬೆನ್ನು ಕೊಟ್ಟೆ. ಕದ ಅಲುಗಲಿಲ್ಲ. ಮಗನನ್ನೂ ಕರೆದೆ, ಇಬ್ಬರೂ ಕಾಲೂರಿ ಒತ್ತಿದೆವು. ಕಾವಲುಗಾರ ನಕ್ಕು, “ಸುಮ್ಮನೆ ದಣಿಯಬೇಡಿ. ಎರಡೂ ಕಡೆ ನೀರು ಸಮವಾಗಲಿ” ಎಂದ. ನೀರಿನ ಕೆಲಸದಲ್ಲೇ ತಲೆ ನರೆತ ನನಗೆ ಇಷ್ಟು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ತೊಲೆಗೆ ಒರಗಿ ನೀರನ್ನೇ ನೋಡುತ್ತ ನಿಂತೆವು. ಕೆಳಗಿನ ತೊಟ್ಟಿ ಮಾತ್ರ ಏರುತ್ತಿರಲಿಲ್ಲ, ಮೇಲಿನದು ಅಷ್ಟೇ ಇಳಿಯುತ್ತಿತ್ತು. ಕೊನೆಗೆ ಕದಗಳ ಸಂದಿಯಲ್ಲಿ ಸಣ್ಣದೊಂದು ಗೆರೆ ಬಿಟ್ಟುಕೊಂಡಿತು. ಟನ್‌ಗಟ್ಟಲೆ ತೂಕದ ಆ ಕದ ನನ್ನಂತಹ ಮುದುಕನ ಬೆನ್ನಿಗೂ ಮಣಿಯಿತು.

ಐದನ್ನೂ ದಾಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೇಲೆ ಒಂದು ಕೆಫೆ, ದೋಣಿಯವರಿಗೆ ಕುಡಿಯುವ ನೀರಿನ ನಲ್ಲಿ ಮುಂತಾದ ಅನುಕೂಲಗಳಿವೆ. ದೋಣಿಗಳಲ್ಲೇ ಬದುಕುವವರೂ ಇದ್ದಾರಂತೆ. ಅವರಿಗೆ ಇವು ಅನ್ನದಷ್ಟೇ ಅಗತ್ಯ. ಕಾಲುವೆಗಳ ಇಂತಹ ಸೌಲಭ್ಯಗಳಿಗೆ ದೇಶದ ಬಹುಪಾಲು ಕಡೆ ಒಂದೇ ಮಾದರಿಯ ಕೀಲಿಕೈ ಸಾಕು. ಆಕೆಯ ಕೀಲಿಕೈಗೆ ಒಂದು ಬಿರಡೆ ಕಟ್ಟಿತ್ತು, ನೀರಿಗೆ ಬಿದ್ದರೆ ತೇಲಲೆಂದು. ಗಂಡ ಕೊಳವೆ ಜೋಡಿಸಿ ದೋಣಿಯ ತೊಟ್ಟಿಗೆ ನೀರು ಬಿಟ್ಟ.

ಮಗ ಚಹಾ ತಂದ. ಬೆಂಚಿನ ಮೇಲೆ ಕುಳಿತು, ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದೆ: “ಗದ್ದೆ ಮಾರಬೇಕೆಂದು ನಿನಗೆ ಏಕನಿಸಿತು ಮಗಾ?” ಹಣಕ್ಕಾಗಿ ಎಂದೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಅವನು ಲೋಟವನ್ನೇ ನೋಡುತ್ತ ಹೇಳಿದ: “ನೀರು ಕಟ್ಟಲು ಹೋಗಿ ರಾತ್ರಿ ನಾಲೆಯ ಏರಿಯ ಮೇಲೆ ಬಿದ್ದಿರಲ್ಲ ಅಪ್ಪ. ನೀವು ಹೇಳಲಿಲ್ಲ. ಪಕ್ಕದ ಮನೆಯವರು ಹೇಳಿದರು. ಆಮೇಲೆ ಇಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.”

ನನಗೆ ತಕ್ಷಣ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಗದ್ದೆಯನ್ನು ಯಾರಿಗಾದರೂ ವಾರಕ್ಕೆ ಕೊಡಬಹುದೇ ಎಂದು ಅವನು ಕೇಳಿದ. ಯಾರು ಯಾರು ಆದಾರು ಎಂದು ನಾನು ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದೆ. ದೋಣಿಯ ತೊಟ್ಟಿ ತುಂಬಲು ಇನ್ನೂ ಬಹಳ ಹೊತ್ತಿತ್ತು.