ನೀರು ಕುಡಿಯುವ ಕಲ್ಲು

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕ್ಯಾಪಿಲರಿಟಿ ಅಂದ್ರೆ ನಮಗೆ ಒಂದು ಫಾರ್ಮುಲಾ, ಒಂದು ಪ್ರಾಬ್ಲಮ್, ಮುಗೀತು. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಎಷ್ಟು ಮಿಲಿಮೀಟರ್ ಏರುತ್ತೆ? ಏರಿದ್ರೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ನನಗೆ ಆ ಕುತೂಹಲ ಹುಟ್ಟಿದ್ದು ನಾರ್ವೆಯ ಎಕೋಫಿಸ್ಕ್ ಬಗ್ಗೆ ಓದಿದ ಮೇಲೆ.

ಉತ್ತರ ಸಮುದ್ರದ ತಳದಡಿ 1969ರಲ್ಲಿ ಸಿಕ್ಕ ಎಣ್ಣೆ ನಿಕ್ಷೇಪ ಅದು. ಅಲ್ಲಿನ ಕಲ್ಲು ಸೀಮೆಸುಣ್ಣ. (ನಮ್ಮ ಕ್ಲಾಸಿನ ಚಾಕ್‌ಪೀಸ್ ಹೆಚ್ಚಾಗಿ ಜಿಪ್ಸಮ್, ಇದು ಅಸಲಿ, ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಚಿಪ್ಪಿನಿಂದಾದದ್ದು.) ಕಲ್ಲಿನ ಗಾತ್ರದಲ್ಲಿ ನೂರಕ್ಕೆ 30ರಿಂದ 40ರಷ್ಟು ಬರೀ ರಂಧ್ರ. ಆದರೆ ಅವು ಎಷ್ಟು ಸಣ್ಣವು ಅಂದ್ರೆ ಎಣ್ಣೆ ಸಲೀಸಾಗಿ ಹರಿಯಲ್ಲ. ಜೊತೆಗೆ ತುಂಬಾ ಬಿರುಕು. ಪಂಪ್ ಮಾಡಿದ ನೀರು ಬಿರುಕು ಹಿಡಿದು ಓಡುತ್ತೆ, ಒಳಗಿನ ಎಣ್ಣೆ ಅಲ್ಲೇ ಉಳಿಯುತ್ತೆ. ಪಂಪ್ ಮಾಡಲಾಗದ ಆ ಕೆಲಸವನ್ನ ಕಲ್ಲೇ ಮಾಡುತ್ತೆ. ಸ್ಕೂಲಲ್ಲಿ ಇಂಕ್ ಚೆಲ್ಲಿದಾಗ ಚಾಕ್‌ಪೀಸ್ ಇಟ್ಟು ಹೀರಿಸ್ತಿದ್ವಲ್ಲ, ಹಾಗೆ ಬಿರುಕಿನ ನೀರನ್ನ ಒಳಗೆಳೆದುಕೊಂಡು ಎಣ್ಣೆಯನ್ನ ಹೊರಗೆ ಹಾಕುತ್ತೆ.

ಇದನ್ನ ಅಜ್ಜಿಗೆ ಹೇಳ್ದೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, 'ವೆಟಬಿಲಿಟಿ'ಗೆ ಕನ್ನಡ ಹೊಳೀಲಿಲ್ಲ. "ಆ ಕಲ್ಲಿಗೆ ಎಣ್ಣೆಗಿಂತ ನೀರು ಇಷ್ಟ ಅಜ್ಜಿ" ಅಂದೆ. ಅಜ್ಜಿ ದೀಪದ ಬತ್ತಿ ಹೊಸೀತಿದ್ರು. "ಬತ್ತೀನೂ ಹಾಗೇ ಕಣೋ, ನೀರು ಕುಡಿದ ಬತ್ತಿಗೆ ಎಣ್ಣೆ ಹತ್ತಲ್ಲ" ಅಂದು, ಸ್ವಲ್ಪ ತಡೆದು ಕೇಳಿದ್ರು: "ಸುತ್ತ ಬಾಗಿಲಲ್ಲೆಲ್ಲ ನೀರೇ ನಿಂತಿದ್ರೆ ಎಣ್ಣೆ ಈಚೆ ಬರೋದು ಎಲ್ಲಿಂದ?"

ಎಂಥ ಪ್ರಶ್ನೆ! ಇದರ ಮೇಲೆ ದಶಕಗಳಿಂದ ಪೇಪರ್ ಬರೀತಿದ್ದಾರೆ. ಉತ್ತರ, ಅದೇ ಬಾಗಿಲಿಂದ. ರಂಧ್ರ ಕಿರಿದಾದಷ್ಟೂ ಸೆಳೆತ ಜಾಸ್ತಿ. ನೀರು ಸಣ್ಣ ರಂಧ್ರಗಳಿಗೆ ನುಗ್ಗುತ್ತೆ, ಎಣ್ಣೆ ಪಕ್ಕದ ದೊಡ್ಡ ರಂಧ್ರಗಳಿಂದ ಎದುರು ದಿಕ್ಕಿಗೆ ಹನಿಹನಿಯಾಗಿ ಬರುತ್ತೆ. ಆದರೆ ಬಹಳ ನಿಧಾನ. ಸರಳ ಲೆಕ್ಕದಲ್ಲಿ ದೂರ ಎರಡು ಪಟ್ಟಾದ್ರೆ ಸಮಯ ನಾಲ್ಕು ಪಟ್ಟು. ಅದಕ್ಕೇ ಬಿರುಕುಗಳು ಹತ್ತಿರ ಹತ್ತಿರ ಇದ್ದಷ್ಟೂ ಒಳ್ಳೇದು. ನಮ್ಮ ಸಿವಿಲ್‌ನವರು ಕೇಳಿದ್ರೆ ಬೈತಾರೆ.

1987ರಿಂದ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಸಮುದ್ರದ ನೀರು ತುಂಬಿಸಿದ್ರು. ಮೊದಮೊದಲು ನೂರಕ್ಕೆ ಸುಮಾರು 17 ಭಾಗ ಎಣ್ಣೆ ಸಿಕ್ಕೀತು ಅಂತಿದ್ದ ಅಂದಾಜು ಈಗ 50ರ ಆಸುಪಾಸು. ನೀರೊಂದೇ ಕಾರಣ ಅಲ್ಲ, ಆದರೆ ದೊಡ್ಡ ಪಾಲು ಅದರದ್ದೇ.

ಇನ್ನೊಂದು ಮುಖವೂ ಇದೆ. ಎಣ್ಣೆ ತೆಗೆದು ಒತ್ತಡ ಇಳಿದಾಗ ಮೆತ್ತನೆ ಕಲ್ಲು ಕುಗ್ಗಿ ಸಮುದ್ರತಳವೇ ಕುಸಿದಿತ್ತು. ಅದೇ 1987ರಲ್ಲಿ ಪ್ಲಾಟ್‌ಫಾರ್ಮ್‌ಗಳನ್ನ 6 ಮೀಟರ್ ಮೇಲೆತ್ತಬೇಕಾಯ್ತು. ನೀರು ತುಂಬಿ ಒತ್ತಡ ಮರಳಿದ ಮೇಲೂ ಕುಸಿತ ಕೂಡಲೇ ನಿಲ್ಲಲಿಲ್ಲ, ಯಾಕಂದ್ರೆ ನೀರು ಕುಡಿದ ಸೀಮೆಸುಣ್ಣ ಇನ್ನೂ ದುರ್ಬಲ ಆಗುತ್ತೆ.

ಅಜ್ಜಿಗೆ ಈ ಭಾಗ ಇನ್ನೂ ಹೇಳಿಲ್ಲ. "ಹಾಗಾದ್ರೆ ನೀರು ಹಾಕಿದ್ದು ಸರೀನಾ?" ಅಂತ ಖಂಡಿತ ಕೇಳ್ತಾರೆ. ನಾನು ಸರಿ ಅಂತಲೇ ವಾದ ಮಾಡ್ತೀನಿ. ಎಣ್ಣೆ ತೆಗೀತಾ ಹೋದ್ರೆ, ನೀರು ಹಾಕದಿದ್ರೂ ಕುಸೀತಿತ್ತು.