ಒಂದು ಗುಂಡು ಕಮ್ಮಿ

ಪಿ.ಯು.ಸಿ. ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದ ಕಾಲದಲ್ಲಿ ನಾನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಮೂರು ದಳದ ಎಲೆಯೊಂದನ್ನು ಬರೆಯುತ್ತಿದ್ದೆ. ಅದು ಟಿ.ಆರ್.ಎನ್.ಎ., ಜೀವಕೋಶದೊಳಗಿನ ದುಭಾಷಿ. ವಂಶವಾಹಿಯ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದಿ, ತಕ್ಕ ಅಮೈನೋ ಆಮ್ಲವನ್ನು ಹೊತ್ತು ತಂದು ಪ್ರೋಟೀನಿನ ಸರಕ್ಕೆ ಒದಗಿಸುತ್ತದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಇದು ಎಲಿ ಹಂಗ ಅದ ಅಂತ ಯಾರು ನೋಡ್ಯಾರ್ರಿ?" ಎಂದಳು. ನನಗೆ ಗೊತ್ತಿರಲಿಲ್ಲ. "ಎರಡು ಮಾರ್ಕಿನ ಪ್ರಶ್ನೆ, ಬರ್ಕೋ" ಎಂದು ಕೂರಿಸಿಬಿಟ್ಟೆ.

ಆ ರಾತ್ರಿ ನನ್ನ ಮುತ್ಯಾ ನೆನಪಾದರು. ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿದ್ದವು. ಬೀದರ್ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಜನ ಆ ಕಾಗದ ಹಿಡಿದು ಭಾತಂಬ್ರಾದ ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಮುತ್ಯಾ ಓದಿ ಕನ್ನಡದಲ್ಲಿ ಹೇಳುವರು. ಒಮ್ಮೆ ಗಂಡ ತೀರಿಕೊಂಡ ಹೆಂಗಸೊಬ್ಬಳು ಅಸಲು, ನಕಲು ಎರಡನ್ನೂ ತಂದಳು. ಮುತ್ಯಾ ನಕಲನ್ನು ಓದಿ, ಸರಿಯಿದೆ ಎಂದರು. ಉರ್ದು ಬಾರದ ನಾನು ಹುಡುಗಾಟಕ್ಕೆ ಎರಡರ ಮೇಲೂ ಬೆರಳಿಟ್ಟು ಆಕಾರ ನೋಡುತ್ತಿದ್ದವನು ಕೂಗಿದೆ: "ಮುತ್ಯಾ, ಇಲ್ಲೊಂದು ಗುಂಡು ಕಮ್ಮಿ ಅದ!"

'ಸತ್ರಾ' ಎಂದರೆ ಹದಿನೇಳು. ಕೊನೆಯ ದುಂಡನೆಯ ಅಕ್ಷರ ಬಿಟ್ಟುಹೋದರೆ 'ಸತ್ತರ್', ಎಪ್ಪತ್ತು. ಆಕೆಯ ಹೊಲದ ಸರ್ವೆ ನಂಬರೇ ಬದಲಾಗಿತ್ತು. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಓದೋ ಕಣ್ಣು ಇರಲಾರದ ಅಕ್ಷರಾನೂ ತೋರಿಸ್ತದ ತಮ್ಮಾ. ಹೋಲಿಸೋ ಕಣ್ಣೇ ಬ್ಯಾರೆ."

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದೂ ಇದೇ ಕೆಲಸ. ಅಮೆರಿಕದ ರಾಬರ್ಟ್ ಹಾಲಿ ಬ್ರೆಡ್ಡಿಗೆ ಹಾಕುವ ಸುಮಾರು 140 ಕಿಲೋ ಯೀಸ್ಟಿನಿಂದ ಒಂದೇ ಒಂದು ಗ್ರಾಂ ಶುದ್ಧ ಟಿ.ಆರ್.ಎನ್.ಎ. ತೆಗೆದರು. ಅದನ್ನು ಬೇರೆ ಬೇರೆ ಅಕ್ಷರಗಳ ಬಳಿ ಕತ್ತರಿಸುವ ಎರಡು ಕಿಣ್ವಗಳಿಂದ ತುಂಡರಿಸಿ, ಒಂದರ ತುಂಡಿನ ಕೊನೆ ಇನ್ನೊಂದರ ತುಂಡಿನ ನಡುವೆ ಎಲ್ಲಿ ಬರುತ್ತದೆಂದು ಹೋಲಿಸುತ್ತ ಜೋಡಿಸಿದರು. 1965ರಲ್ಲಿ 77 ಅಕ್ಷರಗಳ, ಎಂದರೆ ನ್ಯೂಕ್ಲಿಯೋಟೈಡುಗಳ, ಸಾಲು ಪ್ರಕಟವಾಯಿತು.

ಆ ಸಾಲನ್ನು ಹಲವು ಬಗೆಯಲ್ಲಿ ಮಡಚಬಹುದಿತ್ತು. ಮೂರು ದಳದ ಎಲೆ ಅವುಗಳಲ್ಲೊಂದು. ಒಂದೇ ಕಾಗದ ಕೈಯಲ್ಲಿದ್ದರೆ ಯಾವುದು ನಿಜವೆಂದು ಹೇಳುವುದು ಹೇಗೆ? 1966, 67ರಲ್ಲಿ ಬೇರೆ ಟಿ.ಆರ್.ಎನ್.ಎ.ಗಳ ಸಾಲುಗಳೂ ಬಂದವು. ಅಕ್ಷರಗಳು ಬಹಳಷ್ಟು ಬೇರೆ; ಆದರೂ ಎಲ್ಲಕ್ಕೂ ಒಪ್ಪಿದ್ದು ಆ ಎಲೆ, ನಮ್ಮ ಬಿಲ್ವಪತ್ರೆಯಂಥದು. ಯಾರೂ ಅದನ್ನು ಮೊದಲು ಕಣ್ಣಾರೆ ಕಂಡಿರಲಿಲ್ಲ, ಹೋಲಿಸಿ ಕಂಡಿದ್ದರು. ಆ ಎಲೆ ಇಂಗ್ಲಿಷಿನ 'ಎಲ್' ಅಕ್ಷರದಂತೆ ಬಾಗಿರುತ್ತದೆಂದು ಎಕ್ಸ್‌ರೇ ತೋರಿಸಿದ್ದು 1973ರಲ್ಲಿ.

ಹಾಲಿಯವರ ಜೊತೆ 1968ರ ನೊಬೆಲ್ ಬಹುಮಾನ ಹಂಚಿಕೊಂಡವರು ನೀರೆನ್‌ಬರ್ಗ್ ಮತ್ತು ಹರಗೋಬಿಂದ ಖುರಾನ. ಖುರಾನರ ತಂದೆ ಪಂಜಾಬಿನ ಹಳ್ಳಿಯೊಂದರ ಪಟವಾರಿಯಾಗಿದ್ದರು ಎಂದು ಓದಿದಾಗ ನಮ್ಮ ಕಟ್ಟೆ ಕಣ್ಣಮುಂದೆ ಬಂತು.

ಇಲ್ಲಿಯೂ ಒಂದಕ್ಷರದ ಬೆಲೆ ಸಣ್ಣದಲ್ಲ. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಒಂದು ಟಿ.ಆರ್.ಎನ್.ಎ. ವಂಶವಾಹಿಯಲ್ಲಿ, 3243ನೆಯ ಸ್ಥಾನದಲ್ಲಿ 'ಎ' ಇರಬೇಕಾದಲ್ಲಿ 'ಜಿ' ಬಂದರೆ ಚಿಕ್ಕವಯಸ್ಸಿನಲ್ಲೇ ಪಾರ್ಶ್ವವಾಯುವಿನಂಥ ಆಘಾತಗಳು ಬರಬಹುದು. ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ, ಕಿವುಡುತನ ಕಾಣಿಸುತ್ತವೆ. 1990ರಲ್ಲಿ ಇದು ತಿಳಿದದ್ದೂ ರೋಗಿಯ ಸಾಲನ್ನು ಆರೋಗ್ಯವಂತರ ಸಾಲಿನ ಪಕ್ಕ ಇಟ್ಟು ನೋಡಿದ್ದರಿಂದ.

ಮುಂದಿನ ವಾರ ಎರಡು ಸಾಲುಗಳನ್ನು ಉದ್ದನೆಯ ಕಾಗದಪಟ್ಟಿಗಳ ಮೇಲೆ ಬರೆದು ತರಗತಿಗೆ ಒಯ್ದೆ. 'ಎ'ಗೆ 'ಯು', 'ಜಿ'ಗೆ 'ಸಿ' ಜೋಡಿಯಾಗುವಂತೆ ಮಡಚಿರೆಂದೆ. ಗಂಟೆ ಮುಗಿಯುವಷ್ಟರಲ್ಲಿ ಆ ಹುಡುಗಿಯ ಕೈಯಲ್ಲಿ ಎರಡು ಎಲೆಗಳಿದ್ದವು. "ನಿನ್ನ ಪ್ರಶ್ನೆಗೆ ಅವತ್ತೇ ಗೊತ್ತಿಲ್ಲ ಅನ್ನಬೇಕಾಗಿತ್ತವ್ವಾ" ಎಂದೆ.

ಪಾಲಕರ ಸಭೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು: "ಕಾಗದ ಮಡಚೂದು ಪರೀಕ್ಷೆಗೆ ಬರ್ತದೇನ್ರಿ ಸರ್?"

"ಬರಂಗಿಲ್ರೀ. ನಿಮ್ಮದು ಹೊಲ ಅದ ಏನ್ರೀ?"

"ಅದರೀ, ನಾಕು ಎಕರೆ."

"ಹಂಗಾರ ಮನಿಗಿ ಹೋಗಿ, ಮಗನ್ನ ಪಕ್ಕಕ್ಕ ಕೂಡಿಸ್ಕೊಂಡು ಅಸಲು, ನಕಲು ಒಮ್ಮೆ ಹೋಲಿಸಿ ನೋಡ್ರಿ" ಎಂದೆ.