ಹೆಣಗಳು ಪಾಠ ಹೇಳುವ ತೋಪು

ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ ನಾಕ್ಸ್‌ವಿಲ್ ಎಂಬ ಊರಿದೆ. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯ ಹಿಂಬದಿಗೆ ಹೋದರೆ, ಕಾರು ನಿಲ್ಲಿಸುವ ಜಾಗದ ಆಚೆ ಮುಳ್ಳುತಂತಿಯ ಬೇಲಿ, ಎತ್ತರದ ಹಲಗೆಗೋಡೆ. ಒಳಗಿರುವುದು ಬರೀ ಒಂದು ಮರದ ತೋಪು. ಮರಗಳಡಿ ಅಲ್ಲಲ್ಲಿ ಶವಗಳನ್ನು ಇಟ್ಟಿರುತ್ತಾರೆ. ಕೆಲವು ಬಯಲಲ್ಲಿ, ಕೆಲವು ಮಣ್ಣಿನಡಿ. ಜನ ಇದನ್ನು ‘ಬಾಡಿ ಫಾರ್ಮ್’ ಎನ್ನುತ್ತಾರೆ.

ಈ ತೋಪಿನ ಹುಟ್ಟಿನ ಹಿಂದೆ ಒಬ್ಬ ಪ್ರಾಧ್ಯಾಪಕರ ಪೇಚಾಟವಿದೆ. 1977ರ ಕೊನೆಯಲ್ಲಿ ಅದೇ ರಾಜ್ಯದ ಫ್ರಾಂಕ್ಲಿನ್ ಎಂಬಲ್ಲಿ ಹಳೆಯ ಸಮಾಧಿಯೊಂದನ್ನು ಯಾರೋ ಅಗೆದಿದ್ದರು. ಅದರಲ್ಲಿ ಮಾಂಸದ ಬಣ್ಣ ಇನ್ನೂ ಮಾಸದ ಶವವೊಂದು ಕಂಡಿತು. ಕೊಲೆ ಮಾಡಿ ಇಲ್ಲಿ ಬಚ್ಚಿಟ್ಟಿದ್ದಾರೆ ಎಂದುಕೊಂಡ ಪೊಲೀಸರು ಮಾನವಶಾಸ್ತ್ರಜ್ಞ ವಿಲಿಯಂ ಬಾಸ್ ಅವರನ್ನು ಕರೆಸಿದರು. ಸತ್ತು ಒಂದು ವರ್ಷವೂ ಆಗಿಲ್ಲ ಎಂದರು ಬಾಸ್. ಕೊನೆಗೆ ನೋಡಿದರೆ ಅದು 1864ರ ಅಂತರ್ಯುದ್ಧದಲ್ಲಿ ಮಡಿದ ಕರ್ನಲ್ ವಿಲಿಯಂ ಶೈ ಅವರದೇ ಶವ! ಕೆಡದಂತೆ ಔಷಧ ತುಂಬಿ, ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಹೂತಿದ್ದರು. ಲೆಕ್ಕ ತಪ್ಪಿದ್ದು ಹತ್ತಿರ ಹತ್ತಿರ 113 ವರ್ಷ. ಬಾಸ್ ಈ ತಪ್ಪನ್ನು ಮುಚ್ಚಿಡಲಿಲ್ಲ. ಹೆಣ ಹೇಗೆ ಕೊಳೆಯುತ್ತದೆ ಎಂಬುದು ತಮಗೆ ಸರಿಯಾಗಿ ತಿಳಿದಿಲ್ಲವೆಂದು ಒಪ್ಪಿಕೊಂಡು, 1981ರಲ್ಲಿ ಇಲ್ಲಿ ಮೊದಲ ದಾನದ ಶವವನ್ನು ಇಟ್ಟು ದಿನದಿನವೂ ನೋಡತೊಡಗಿದರು.

ಹಾಗಾದರೆ ಅಲ್ಲಿ ಕಾಣುವುದೇನು? ಉಸಿರು ನಿಂತೊಡನೆ ಮೈ ತಣ್ಣಗಾಗತೊಡಗುತ್ತದೆ. ಸ್ನಾಯುಗಳಿಗೆ ಶಕ್ತಿ ಒದಗಿಸುವ ಎಟಿಪಿ ಮುಗಿದು ಕೆಲವೇ ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ. ಜೀವಕೋಶಗಳನ್ನು ಅವುಗಳದೇ ಕಿಣ್ವಗಳು ಕರಗಿಸುತ್ತವೆ. ಇದುವರೆಗೆ ಅನ್ನ ಜೀರ್ಣಿಸಲು ನೆರವಾಗುತ್ತಿದ್ದ ಕರುಳಿನ ಬ್ಯಾಕ್ಟೀರಿಯಗಳು ಈಗ ಕರುಳನ್ನೇ ತಿನ್ನತೊಡಗುತ್ತವೆ. ಅವು ಬಿಡುವ ಅನಿಲಗಳಿಂದ ಹೊಟ್ಟೆ ಉಬ್ಬುತ್ತದೆ, ದುರ್ನಾತ ಹರಡುತ್ತದೆ. ಊಟದ ಹೊತ್ತಿನಲ್ಲಿ ಇಂಥ ಮಾತು ಬೇಡವೆಂದು ಹಿರಿಯರು ಗದರಬಹುದು. ಆದರೆ ಮನೆಯ ಹಿಂದಿನ ತಿಪ್ಪೆಗುಂಡಿಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಕೆಲಸ.

ತೋಪಿನ ನಿಜವಾದ ಗಡಿಯಾರವೆಂದರೆ ನೊಣ. ಮೀನುಪೇಟೆಯಲ್ಲಿ ಗುಂಯ್‌ಗುಡುವ ಹೊಳೆಯುವ ಹಸಿರು ನೊಣದ ಬಳಗ ಅದು. ಸಾವಾದ ಕೆಲವೇ ನಿಮಿಷಗಳಲ್ಲಿ ಬಂದು ಕಣ್ಣು, ಬಾಯಿ, ಮೂಗು, ಗಾಯಗಳಲ್ಲಿ ಮೊಟ್ಟೆಯಿಡುತ್ತದೆ. ಸೆಕೆಗಾಲದಲ್ಲಿ ಒಂದು ದಿನದೊಳಗೆ ಮರಿಹುಳು ಹೊರಬರುತ್ತದೆ. ಹುಳು ಎಷ್ಟು ಬೆಳೆದಿದೆ ಎಂಬುದನ್ನೂ ಆ ದಿನಗಳ ಉಷ್ಣಾಂಶವನ್ನೂ ಕೂಡಿಸಿ ನೋಡಿದರೆ ನೊಣ ಬಂದ ದಿನ, ಅಂದರೆ ಹೆಚ್ಚುಕಡಿಮೆ ಸತ್ತ ದಿನ, ಸಿಗುತ್ತದೆ. ಕೊಲೆಯ ಮೊಕದ್ದಮೆಯಲ್ಲಿ ಆರೋಪಿ ಆ ದಿನ ಎಲ್ಲಿದ್ದ ಎಂಬುದರ ಮೇಲೆ ಅವನ ಜೀವವೇ ನಿಂತಿರುತ್ತದೆ. ನಿರಪರಾಧಿಗೂ ಇದೇ ಲೆಕ್ಕ ಆಸರೆ.

ಬಿಸಿಲುಗಾಲದಲ್ಲಿ ಬಯಲಿನ ಶವ ಕೆಲವು ವಾರಗಳಲ್ಲಿ ಎಲುಬಾಗುತ್ತದೆ. ಚಳಿಗಾಲದಲ್ಲಿ ತಿಂಗಳುಗಳೇ ಬೇಕು. ಹೂತದ್ದು ಇನ್ನೂ ನಿಧಾನ. ಶವದ ರಸ ಇಳಿದಲ್ಲಿ ಹುಲ್ಲು ಮೊದಲು ಸುಟ್ಟಂತೆ ಸಾಯುತ್ತದೆ, ಆಮೇಲೆ ಸುತ್ತಲಿಗಿಂತ ಸೊಂಪಾಗಿ ಚಿಗುರುತ್ತದೆ.

ಇಲ್ಲಿ ಮಲಗಿರುವವರಲ್ಲಿ ಬಹಳ ಮಂದಿ ಬದುಕಿದ್ದಾಗಲೇ ಕಾಗದಕ್ಕೆ ಸಹಿ ಹಾಕಿದವರು. ಕೆಲಸ ಮುಗಿದ ಮೇಲೆ ಎಲುಬುಗಳನ್ನು ತೊಳೆದು, ಸಂಖ್ಯೆ ಬರೆದು, ಪೆಟ್ಟಿಗೆಗಳಲ್ಲಿ ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಜನರ ಅಸ್ಥಿಗಳು ಅಲ್ಲಿವೆ. ವಿದ್ಯಾರ್ಥಿಗಳು ಅವನ್ನು ಹೊರತೆಗೆದು, ಅಳೆದು, ಮತ್ತೆ ಅದೇ ಪೆಟ್ಟಿಗೆಯಲ್ಲಿ ಇಡುತ್ತಾರೆ.